ಸಾಲ ಕೊಟ್ಟವರ ಪಟ್ಟಿ

ನಮ್ಮ ಕಡೆ ‘ಪಾಪರ್ ಚೀಟಿ ತಗೊಂಡ’ ಎಂಬುದು ಒಂದು ಬೈಗುಳ. ಇದ್ದದ್ದನ್ನೆಲ್ಲ ಹೆಂಡತಿಯ ಹೆಸರಿಗೆ ಮಾಡಿ ಕೈ ಎತ್ತಿದವನೆಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. 2022ರಲ್ಲಿ ನಾನೇ ದಿವಾಳಿ ಅರ್ಜಿ ಬರೆಸಲು ಕುಳಿತಾಗ ತಿಳಿಯಿತು, ಆ ಅರ್ಜಿಯಲ್ಲಿ ಬಚ್ಚಿಡಲು ಜಾಗವೇ ಇಲ್ಲ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತು. 2020ರ ಲಾಕ್‌ಡೌನಿನಲ್ಲಿ ಲಗ್ನಪತ್ರಿಕೆಯ ಕೆಲಸ ನಿಂತಿತು. ಲಗ್ನಗಳು ಮತ್ತೆ ಶುರುವಾಗುವ ಹೊತ್ತಿಗೆ ಪತ್ರಿಕೆ ವಾಟ್ಸಾಪಿಗೆ ಹೋಗಿತ್ತು. ಬ್ಯಾಂಕಿನ ಸಾಲ, ಕಾಗದದ ಅಂಗಡಿಯ ಬಾಕಿ, ಕೈಸಾಲ, ಆ ಕೈಸಾಲ ತೀರಿಸಲೆಂದು ಕೂಗಿ ಎತ್ತಿದ ಚೀಟಿ, ಹೀಗೆ ಒಂದರ ಮೇಲೊಂದು ಬೆಳೆದವು.

ವಕೀಲರು ತೆಗೆದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗವಿದೆಯಾದರೂ 2019ರ ಡಿಸೆಂಬರಿನಲ್ಲಿ ಅದನ್ನು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ರಾಜ್ಯದ 2018ರ ಋಣ ಪರಿಹಾರ ಕಾಯ್ದೆ ಬ್ಯಾಂಕಿನ ಸಾಲವನ್ನು ಮುಟ್ಟುವುದಿಲ್ಲ. ಹಾಗಾಗಿ ನನ್ನಂಥವನಿಗೆ ಉಳಿದದ್ದು ನೂರು ವರ್ಷದ ಹಳೆಯ ಕಾನೂನು. ಅದರ ಪ್ರಕಾರ 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು. ದಿವಾಳಿ ಎಂದು ಘೋಷಿತನಾದವನು ಆ ಸಂಗತಿಯನ್ನು ತಿಳಿಸದೆ 50 ರೂಪಾಯಿ ಉದ್ದರಿ ಪಡೆದರೆ ಆರು ತಿಂಗಳವರೆಗೆ ಜೈಲಾಗಬಹುದು. ನಮ್ಮೂರಿನಲ್ಲಿ ಒಂದು ಬೆಣ್ಣೆದೋಸೆ ತಿಂದು ಚಹಾ ಕುಡಿದು ‘ಬರೆದುಕೊಳ್ಳಿ’ ಎಂದರೆ ಆ ಲೆಕ್ಕ ದಾಟಿಬಿಡುತ್ತದೆ.

ಅರ್ಜಿ ಹಾಕಿದ ದಿನವೇ ವಸೂಲಿಯವರು ಬಾಗಿಲು ಬಡಿಯುವುದನ್ನು ನಿಲ್ಲಿಸುತ್ತಾರೆಂದು ನಾನು ನಂಬಿದ್ದೆ. ಅದು ತಪ್ಪು. ದಿವಾಳಿ ಎಂದು ನ್ಯಾಯಾಲಯ ಘೋಷಿಸಿದ ಮೇಲಷ್ಟೇ ಅದರ ಅನುಮತಿಯಿಲ್ಲದೆ ಯಾರೂ ಹೊಸ ದಾವೆ ಹೂಡುವಂತಿಲ್ಲ, ಮತ್ತು ಆಗ ನಮ್ಮ ಆಸ್ತಿಯೂ ನ್ಯಾಯಾಲಯದ ವಶಕ್ಕೆ ಹೋಗುತ್ತದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ಇಂಥವನ್ನು ಮುಟ್ಟುವುದಿಲ್ಲ. ಒತ್ತೆ ಇಟ್ಟುಕೊಂಡವರ ಹಕ್ಕು ಬೇರೆಯೇ ಆದ್ದರಿಂದ ನನ್ನ ಯಂತ್ರ ಬ್ಯಾಂಕಿನ ಪಾಲಾಯಿತು. ಕೊನೆಗೆ ಋಣಮುಕ್ತಿ ಕೇಳುವಾಗಲೂ, ಆಸ್ತಿಯಿಂದ ಸಾಲದ ಪ್ರತಿ ರೂಪಾಯಿಗೆ ಎಂಟಾಣೆಯಾದರೂ ಹುಟ್ಟದಿದ್ದರೆ ಅದು ನಮ್ಮ ತಪ್ಪಿನಿಂದಲ್ಲವೆಂದು ಒಪ್ಪಿಸಬೇಕು; ಸರ್ಕಾರದ ಬಾಕಿ ಮತ್ತು ವಂಚನೆಯಿಂದಾದ ಸಾಲ ಆಗಲೂ ಬಿಡುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಕಷ್ಟವಾದದ್ದು ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ ಬರೆಯುವ ಪಟ್ಟಿ. ಬ್ಯಾಂಕಿನಿಂದ ಶುರುಮಾಡಿ ಎಂಟನೆಯ ಸಾಲಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಭಾವನ ಹಣವನ್ನಾದರೂ ಮೊದಲೇ ಗುಟ್ಟಾಗಿ ಕೊಟ್ಟುಬಿಡುತ್ತೇನೆ ಎಂದೆ. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಒಲವು ತೋರಿಸಿ ಕೊಟ್ಟದ್ದು ರದ್ದಾಗುತ್ತದೆ, ಆ ಹಣ ಅವರಿಂದ ವಾಪಸು ಬರಬೇಕಾಗುತ್ತದೆ ಎಂದು ವಕೀಲರು ತಡೆದರು. ಬಡ್ಡಿಗೆ ಕೊಟ್ಟು ಗದರಿಸಿದವನೂ, ಬಡ್ಡಿಯ ಮಾತೇ ಎತ್ತದ ಭಾವನೂ ಒಂದೇ ಹಾಳೆಯಲ್ಲಿ, ಮೇಲೊಬ್ಬ ಕೆಳಗೊಬ್ಬ. ಕಾಯ್ದೆಯ ಈ ಸಮದೃಷ್ಟಿ ನ್ಯಾಯವೆಂದು ಈಗ ಒಪ್ಪುತ್ತೇನೆ, ಅಂದು ಒಪ್ಪಿರಲಿಲ್ಲ.

ಅವ್ವ ತನ್ನ ಬಳೆ ಮಾರಿ 1,40,000 ಕೊಟ್ಟಿದ್ದಳು. ‘ನಂದೇನ್ ಸಾಲನಾ, ನನ್ ಹೆಸರು ಬರೀಬ್ಯಾಡ’ ಎಂದಳು. ಹಿಂತಿರುಗಿಸುವುದಾಗಿ ಹೇಳಿ ತೆಗೆದುಕೊಂಡಿದ್ದರಿಂದ ಬರೆಯದೆ ಗತಿಯಿರಲಿಲ್ಲ, ಹನ್ನೊಂದನೆಯವಳಾಗಿ ಬರೆದೆ. ಮುಂದಿನ ತಿಂಗಳು ಅವಳ ಹೆಸರಿಗೆ ನ್ಯಾಯಾಲಯದ ನೋಟಿಸ್ ನಮ್ಮದೇ ಬಾಗಿಲಿಗೆ ಬಂತು. ಅಂಚೆಯವನು ತೋರಿಸಿದ ಕಡೆ ನಿಧಾನವಾಗಿ ಸಹಿ ಮಾಡಿ, ಲಕೋಟೆಯನ್ನು ಒಡೆಯದೆ, ರೇಷನ್ ಕಾರ್ಡ್ ಇಡುವ ತಗಡಿನ ಡಬ್ಬಿಯಲ್ಲಿ ಇಟ್ಟಳು.