ಶರಾವತಿ ಕಡಲು ಸೇರುವ ಊರು
ಸಾಗರ ಪೇಟೆಯಿಂದ ಜೋಗ ದಾಟಿ ಘಾಟಿ ಇಳಿದರೆ ಸೆಕೆ ಶುರು, ಹೊನ್ನಾವರ ಹತ್ತಿರವಾಯಿತು ಅಂತ ಅರ್ಥ. ನಮ್ಮ ತೀರ್ಥಹಳ್ಳಿ ಕಡೆಯ ಅಂಬುತೀರ್ಥದಲ್ಲಿ ಸಣ್ಣಗೆ ಹುಟ್ಟಿ, ಜೋಗದಲ್ಲಿ ಧುಮುಕುವ ಶರಾವತಿ ಇಲ್ಲಿ ಎಷ್ಟು ಅಗಲವಾಗಿ ಹರಡಿಕೊಂಡಿದೆ ಅಂದರೆ, ದೋಣಿಯಲ್ಲಿ ಕೂತವರಿಗೆ ಇದು ಅದೇ ನದಿನಾ ಅನ್ನಿಸುತ್ತದೆ. ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನಿಧಾನಕ್ಕೆ ಸಾಗುತ್ತದೆ. ಉಪ್ಪುನೀರಲ್ಲೂ ಮರ ಬದುಕುವುದನ್ನು ಮಕ್ಕಳಿಗೆ ತೋರಿಸಲೇಬೇಕು. ಕಾಸರಕೋಡು ಬೀಚ್ ಚೊಕ್ಕಟವಾಗಿದೆ, ಸ್ವಚ್ಛ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದ್ದು ಸುಮ್ನೆ ಅಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕಡಲ ನಡುವಿನ ಬಸವರಾಜದುರ್ಗ. ನಮ್ಮ ಕೆಳದಿ ಅರಸರ ಕೋಟೆ ಅದು! ಮಲೆನಾಡಿನ ಮೆಣಸು ಹಡಗು ಹತ್ತುತ್ತಿದ್ದದ್ದು ಈ ಕರಾವಳಿಯಿಂದಲೇ ಅಲ್ವಾ, ಕಾವಲು ಬೇಕೇ ಬೇಕಿತ್ತು. ವಾಪಸ್ ಬರುವಾಗ ಗೇರುಸೊಪ್ಪೆಯ ಚತುರ್ಮುಖ ಬಸದಿ ಬಿಡಬೇಡಿ. ಮಳೆಗಾಲ ಮುಗಿಸಿಕೊಂಡೇ ಹೋಗಿ.