ಎರಡನೇ ಸಲ ಹೋಗುತ್ತದೆಯಲ್ಲ

ನದಿಯ ನೀರಿನ ಮಟ್ಟ ಅಳೆಯುವ ಪೆಟ್ಟಿಗೆಯ ದಾಖಲೆಯ ಮೇಲೆ ಬೆರಳಿಟ್ಟು ಆ ಹುಡುಗಿ ಕೇಳಿದಳು: "ಸರ್, ಹೆಚ್ಚುಕಡಿಮೆ ಪ್ರತಿ ಗಂಟೆಯೂ ಮಾಹಿತಿ ಕಳುಹಿಸುವ ಮೊದಲ ಪ್ರಯತ್ನ ವಿಫಲ ಎಂದೇ ಇದೆ. ಏಕೆ?"

"ಸಿಗ್ನಲ್ ಸರಿಯಿರುವುದಿಲ್ಲ. ಎರಡನೇ ಸಲ ಹೋಗುತ್ತದೆಯಲ್ಲಮ್ಮ, ಇನ್ನೇನು ಬೇಕು?" ಎಂದು ನಮ್ಮ ಮೇಲ್ವಿಚಾರಕರು ಮುಂದಿನ ಪುಟ ತಿರುಗಿಸಿದರು.

ಈ ವಾರವೆಲ್ಲ ಆ ಮಾತು ನನ್ನ ತಲೆಯಿಂದ ಇಳಿದಿಲ್ಲ. ಹೇಳಿದವರು ಸೋಮಾರಿಯಲ್ಲ. ತಂತಿ, ಬ್ಯಾಟರಿ, ಆ್ಯಂಟೆನಾಗಳ ವಿಷಯದಲ್ಲಿ ಅವರಷ್ಟು ಜಾಗ್ರತೆಯ ಮನುಷ್ಯರನ್ನು ನಾನು ಕಂಡಿಲ್ಲ. ಪೆಟ್ಟಿಗೆಯೊಳಗೆ ಒಂದು ತೊಟ್ಟು ನೀರು ಇಳಿಯಬಾರದೆಂದು ಪ್ರತಿ ಕಂಡಿಯನ್ನೂ ತಾವೇ ನಿಂತು ಮುಚ್ಚಿಸುವವರು. ಅಂಥವರ ಬಾಯಲ್ಲಿ "ಎರಡನೇ ಸಲ ಹೋಗುತ್ತದೆಯಲ್ಲ" ಎಂಬ ಮಾತು ಅಷ್ಟು ಸಲೀಸಾಗಿ ಬಂದದ್ದೇ ನನ್ನನ್ನು ಕಲಕಿತು. ಹುಡುಗಿ ಸುಮ್ಮನಾದಳು. ಅದು ಇನ್ನೂ ಹೆಚ್ಚು ಕಲಕಿತು.

ಆ ಪೆಟ್ಟಿಗೆ ಸದಾ ಜಾಲದಲ್ಲಿರುವುದಿಲ್ಲ. ಸೌರಫಲಕ ಕೊಟ್ಟಷ್ಟು ವಿದ್ಯುತ್ತಿನಲ್ಲೇ ಅದು ಬದುಕಬೇಕು. ಕಳುಹಿಸಲು ಏನಾದರೂ ಇದ್ದಾಗ ಮಾತ್ರ ಮೋಡೆಮ್ ಡಯಲ್ ಮಾಡುತ್ತದೆ, ಒಂದಷ್ಟು ಹೊತ್ತು ಏನೂ ಓಡಾಡದಿದ್ದರೆ ಸಂಪರ್ಕ ತಾನಾಗಿ ಕಡಿಯುತ್ತದೆ. ಮೊಬೈಲ್ ಜಾಲದ ಮೋಡೆಮ್ ನಿಜ, ಆದರೆ ಒಳಗೆ ನಡೆಯುವುದು ದೂರವಾಣಿ ತಂತಿಯ ಕಾಲದ ಸಂಭಾಷಣೆಯೇ. ಈ ಕಡೆಯಿಂದ *99# ಎಂದು ಡಯಲ್ ಮಾಡುವ ಆದೇಶ, ಆ ಕಡೆಯಿಂದ ಕನೆಕ್ಟ್ ಎಂಬ ಉತ್ತರ, ಆಮೇಲೆ 1994ರಲ್ಲಿ ಈಗಿನ ರೂಪ ಪಡೆದ ಪಿಪಿಪಿ ಪ್ರೋಟೊಕಾಲ್, ಅಂದರೆ ಎರಡು ತುದಿಗಳು ಮಾತಾಡಿಕೊಳ್ಳುವ ನಿಯಮಾವಳಿ.

ಅಂದು ಸಂಜೆ ದಾಖಲೆಯನ್ನು ನಾನೇ ತೆರೆದು ಕುಳಿತೆ. ವಿಫಲವಾದ ಪ್ರತಿ ಸಾಲಿನ ಪಕ್ಕದಲ್ಲೂ ಸಿಗ್ನಲ್ ಬಲ ಚೆನ್ನಾಗಿಯೇ ಇತ್ತು. ಡಯಲ್ ಸರಿಯಾಗಿ ಆಗಿತ್ತು, ಜಾಲದಲ್ಲಿ ಪೆಟ್ಟಿಗೆಯನ್ನು ಗುರುತಿಸುವ ಐಪಿ ವಿಳಾಸವೂ ಸಿಕ್ಕಿತ್ತು, ಆದರೂ ಮಾಹಿತಿ ಹೋಗಿರಲಿಲ್ಲ. ಅಪರೂಪಕ್ಕೆ ಮೊದಲ ಪ್ರಯತ್ನದಲ್ಲೇ ಹೋದ ಗಂಟೆಗಳೂ ಇದ್ದವು. ಅವನ್ನು ಬೇರೆ ಮಾಡಿ ನೋಡಿದಾಗ ಗುಟ್ಟು ಹೊರಬಂತು: ಆ ಗಂಟೆಗಳಲ್ಲೆಲ್ಲ ಪೆಟ್ಟಿಗೆಗೆ ಹಿಂದಿನ ಸಲದ ಐಪಿ ವಿಳಾಸವೇ ಮತ್ತೆ ಸಿಕ್ಕಿತ್ತು. ವಿಳಾಸ ಬದಲಾದ ಗಂಟೆಗಳಲ್ಲಿ ಮಾತ್ರ ಸೋಲು. ಸಿಗ್ನಲ್ಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಬೇಡಿಕೆ ಬಂದಾಗ ಮಾತ್ರ ಡಯಲ್ ಮಾಡುವ ವ್ಯವಸ್ಥೆಯಲ್ಲಿ ಒಂದು ಇಕ್ಕಟ್ಟಿದೆ. ಡಯಲ್ ಆರಂಭವಾಗಬೇಕಾದರೆ ಹೊರಗೆ ಹೋಗಬೇಕಾದ ಪ್ಯಾಕೆಟ್ಟೊಂದು, ಅಂದರೆ ಮಾಹಿತಿಯ ಪುಟ್ಟ ಕಟ್ಟು, ಬಂದು ಬಾಗಿಲಲ್ಲಿ ನಿಲ್ಲಬೇಕು. ಪ್ಯಾಕೆಟ್ ಹುಟ್ಟಬೇಕಾದರೆ ಅದಕ್ಕೊಂದು ಕಳುಹಿಸಿದವರ ವಿಳಾಸ ಬೇಕು. ಆ ವಿಳಾಸ ಸಿಗುವುದೋ ಡಯಲ್ ಆದ ಮೇಲೆ. ಹಾಗಾಗಿ ಪಿಪಿಪಿ ನಡೆಸುವ ಪ್ರೋಗ್ರಾಂ ಮೊದಲಿಗೆ ಒಂದು ಹುಸಿ ವಿಳಾಸವನ್ನು ಇಟ್ಟುಕೊಂಡು ಕಾಯುತ್ತದೆ. ಏನೂ ಹೇಳದಿದ್ದರೆ ತಾನೇ 10.64.64.64 ಎಂದು ಹಾಕಿಕೊಳ್ಳುತ್ತದೆ. ಒಮ್ಮೆ ಸಂಪರ್ಕವಾಗಿ ಕಡಿದ ಮೇಲೆ, ಹಳೆಯ ಸಲದ ವಿಳಾಸವೇ ಹಾಗೆ ಉಳಿದಿರುತ್ತದೆ. ಮುಂದಿನ ಗಂಟೆಯ ಮೊದಲ ಪ್ಯಾಕೆಟ್ ಆ ಹಳೆಯ ವಿಳಾಸವನ್ನು ಹೊತ್ತು ಹುಟ್ಟುತ್ತದೆ. ಅಷ್ಟರಲ್ಲಿ ಡಯಲ್ ಆಗಿ ಹೊಸ ವಿಳಾಸ ಬಂದಿರುತ್ತದೆ. ಬಿಟ್ಟುಹೋದ ಮನೆಯ ವಿಳಾಸ ಬರೆದು, ಉತ್ತರಕ್ಕಾಗಿ ಹೊಸ ಮನೆಯಲ್ಲಿ ಕಾದಂತೆ. ಕಳುಹಿಸುವ ಪ್ರೋಗ್ರಾಂ ಕಾದು ಸೋತು, ಕೈಬಿಟ್ಟು, ಇನ್ನೊಮ್ಮೆ ಮೊದಲಿನಿಂದ ಆರಂಭಿಸಿದಾಗ ಹೊಸ ವಿಳಾಸದಿಂದ ಹೊರಡುತ್ತದೆ. ಅದೇ ನಮ್ಮ "ಎರಡನೇ ಸಲ".

ಈ ಕಾಯುವಿಕೆ ಪುಕ್ಕಟೆಯದಲ್ಲ. ಅಷ್ಟು ಹೊತ್ತೂ ಮೋಡೆಮ್ ಎಚ್ಚರವಾಗಿರುತ್ತದೆ, ಬ್ಯಾಟರಿ ಇಳಿಯುತ್ತದೆ. ಮೋಡ ಕವಿದ ದಿನಗಳಲ್ಲಿ ಸೌರಫಲಕ ಕೊಡುವುದೇ ಕಡಿಮೆ, ಮತ್ತು ನದಿ ಏರುವುದೂ ಅಂಥ ದಿನಗಳಲ್ಲೇ.

ಇದು ಹೊಸ ಸಮಸ್ಯೆಯಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. 1988ರಲ್ಲಿ ದಾಖಲಾದ ಸ್ಲಿಪ್ ಎಂಬ ಹಳೆಯ ವಿಧಾನದಲ್ಲಿ ಎರಡೂ ತುದಿಗಳಿಗೆ ವಿಳಾಸ ಮೊದಲೇ ಗೊತ್ತಿರಬೇಕಿತ್ತು. ಪಿಪಿಪಿ ಬಂದ ಮೇಲೆ ಕರೆ ಕೂಡಿದ ನಂತರವೇ ವಿಳಾಸವನ್ನು ಮಾತುಕತೆಯಲ್ಲಿ ನಿಗದಿ ಮಾಡುವುದು ಸಾಧ್ಯವಾಯಿತು. ಸೇವೆ ಕೊಡುವವರು ತಮ್ಮಲ್ಲಿರುವ ಮೋಡೆಮ್‌ಗಳಷ್ಟೇ ವಿಳಾಸಗಳನ್ನು ಇಟ್ಟುಕೊಂಡು, ಕರೆ ಮಾಡಿದವರಿಗೆಲ್ಲ ಅದನ್ನೇ ಸರದಿಯಲ್ಲಿ ಹಂಚತೊಡಗಿದರು. ಕರೆಯ ಹೊತ್ತಿಗೆ ತಕ್ಕಂತೆ ಹಣ ತೆರಬೇಕಾದ ಕಾಲವದು. ಬೇಕೆಂದಾಗ ತಾನೇ ಡಯಲ್ ಆಗಬೇಕು, ಬೇಡವೆಂದಾಗ ತಾನೇ ಕಡಿಯಬೇಕು ಎಂದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಬಳಸುವವರು ಒದ್ದಾಡಿದರು. ಎರಿಕ್ ಶೆಂಕ್ ಬರೆದ ಡಯಲ್‌ಡಿ ಎಂಬ ಪ್ರೋಗ್ರಾಂ ಕಂಪ್ಯೂಟರಿನೊಳಗೇ ಒಂದು ಹುಸಿ ಸ್ಲಿಪ್ ತಂತಿಯನ್ನು ಎಳೆದು, ಅದರ ಮೇಲೆ ಪ್ಯಾಕೆಟ್ ಕಂಡೊಡನೆ ನಿಜವಾದ ಡಯಲ್ ಮಾಡಿಸುತ್ತಿತ್ತು. ಮುಂದೆ ಪಿಪಿಪಿ ಪ್ರೋಗ್ರಾಮಿಗೇ ಆ ಶಕ್ತಿ ಬಂತು. ಮೊದಲ ಪ್ಯಾಕೆಟ್ ಹಳೆಯ ವಿಳಾಸದಲ್ಲಿ ಸಿಕ್ಕಿಬೀಳುವುದನ್ನು ಅವರು ಆಗಲೇ ಕಂಡಿದ್ದರು, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅದಕ್ಕೆಂದೇ ಒಂದು ಸ್ವಿಚ್ಚನ್ನೂ ಇಟ್ಟರು. ಅದರ ಬೆಲೆ 0 ಇದ್ದರೆ ಅದು ನಿದ್ರೆಯಲ್ಲಿರುತ್ತದೆ. 1 ಮಾಡಿದರೆ, ಇನ್ನೂ ಉತ್ತರ ಸಿಗದೆ ಸಂಪರ್ಕ ಕೋರುತ್ತಿರುವ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುವಾಗ ಹಳೆಯ ವಿಳಾಸ ತೆಗೆದು ಹೊಸದನ್ನು ಹಾಕುತ್ತದೆ. ಸುಮ್ಮನೆ ಬಿಟ್ಟರೆ ಅದು 0ಯಲ್ಲೇ ಇರುತ್ತದೆ.

ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದೆ. ಪಿಪಿಪಿಯ ಆಯ್ಕೆಗಳ ಕಡತದಲ್ಲಿ ಕೆಟ್ಯೂನ್ ಎಂಬ ಒಂದೇ ಪದವನ್ನು ಅವಳ ಕೈಯಲ್ಲೇ ಬರೆಸಿದೆ. ಆ ಪದವಿದ್ದರೆ, ವಿಳಾಸ ಬದಲಾದಾಗ ಪಿಪಿಪಿ ಪ್ರೋಗ್ರಾಂ ತಾನೇ ಆ ಸ್ವಿಚ್ಚನ್ನು ಒತ್ತುತ್ತದೆ. "ಮಾಹಿತಿ ಕಳುಹಿಸುವ ಪ್ರೋಗ್ರಾಂ ತನ್ನ ವಿಳಾಸವನ್ನು ತಾನೇ ಹಟ ಹಿಡಿದು ನಿಗದಿ ಮಾಡಿಕೊಂಡಿದ್ದರೆ?" ಎಂದು ಕೇಳಿದಳು. ಆಗ ಕರ್ನಲ್ ಅದನ್ನು ಮುಟ್ಟುವುದಿಲ್ಲ. ನಮ್ಮದು ಹಾಗೆ ಮಾಡಿಕೊಂಡಿಲ್ಲವೆಂದು ಇಬ್ಬರೂ ಸೇರಿ ಖಚಿತಪಡಿಸಿಕೊಂಡೆವು. ಎಂಥ ಒಳ್ಳೆಯ ಪ್ರಶ್ನೆ! ಇಂಥ ತಲೆಯನ್ನೇ "ಇನ್ನೇನು ಬೇಕು" ಎಂದು ಅಂದು ಮುಂದಕ್ಕೆ ದಾಟಿಸಿದ್ದು.

ಸರಿಪಡಿಸಿದ ಮೇಲೂ ನನ್ನ ಮನಸ್ಸು ಬೇರೆಡೆಗೆ ಹೊರಳಿತು. ಐಪಿಯ ನಾಲ್ಕನೇ ಆವೃತ್ತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಹೋಯಿತು. ಈಗ ಮೊಬೈಲ್ ಜಾಲಗಳು ಎಷ್ಟೋ ಸಾಧನಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ನಮ್ಮ ಪೆಟ್ಟಿಗೆಗೆ ಗಂಟೆಗೊಮ್ಮೆ ಸಿಗುವ ವಿಳಾಸಕ್ಕೆ ಹೊರಗಿನಿಂದ ಯಾರೂ ಕರೆ ಮಾಡಲಾರರು. ಅಂದರೆ "ನೀರು ಈಗ ಎಷ್ಟಿದೆ?" ಎಂದು ನಾವು ಅದನ್ನು ಕೇಳುವ ದಾರಿಯೇ ಇಲ್ಲ. ಅದು ತಾನಾಗಿ ಮಾತಾಡಿದಾಗ ಕೇಳಿಸಿಕೊಳ್ಳಬೇಕು, ಅಷ್ಟೆ. ಮಾತಾಡಲು ಮಾತ್ರ ಅವಕಾಶವಿರುವ ಒಂದು ಯಂತ್ರದ ಮೊದಲ ಮಾತನ್ನೇ ನಾವು ಇಷ್ಟು ಕಾಲ ದಿನವಿಡೀ ಕಳೆದುಕೊಳ್ಳುತ್ತಿದ್ದೆವು ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಮೇಲ್ವಿಚಾರಕರಿಗೂ ಇದನ್ನೇ ಹೇಳಿದೆ. ಅವರು ದಾಖಲೆ ನೋಡಿದರು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಳಿದ ಪೆಟ್ಟಿಗೆಗಳಲ್ಲೂ ಹೀಗೇ ಇರಬೇಕಲ್ಲವೇ?" ಎಂದು ಕೇಳಿದರು. ಇದೆ.

ಇನ್ನೊಂದು ಕೆಲಸ ಬಾಕಿ. ಗಡಿಯಾರ ಸರಿಪಡಿಸಿಕೊಳ್ಳಲು ಪೆಟ್ಟಿಗೆ ಕಳುಹಿಸುವ ಪುಟ್ಟ ಪ್ಯಾಕೆಟ್‌ಗಳೂ ಸಂಪರ್ಕವನ್ನು ಕಡಿಯಗೊಡದೆ ಹಿಡಿದಿಡುತ್ತವೆ. ಅವನ್ನು ಚಟುವಟಿಕೆ ಎಂದು ಎಣಿಸದಂತೆ ಸೋಸುವ ನಿಯಮ ಬರೆಯಬೇಕು. ಆ ಹುಡುಗಿ ಅದರ ಕರಡನ್ನು ನಿನ್ನೆಯೇ ತಂದುಕೊಟ್ಟಿದ್ದಾಳೆ.