ಈಲಿಯ ತಲೆ ಇಲ್ಲದ ಸಂತರು

ಕೇಂಬ್ರಿಜ್‌ನಿಂದ ಈಲಿಗೆ ರೈಲಿನಲ್ಲಿ ಕಾಲು ಗಂಟೆ. ಊರಿಂದ ಯಾರೇ ಬರಲಿ, ಒಂದು ಶನಿವಾರ ಅಲ್ಲಿನ ಕೆಥೆಡ್ರಲ್ ತೋರಿಸುವುದು ನಮ್ಮ ಮನೆಯ ಪದ್ಧತಿ. ಹೋದ ಬೇಸಿಗೆಯಲ್ಲಿ ಅತ್ತೆ ಬಂದಿದ್ದರು. ದೊಡ್ಡ ಕಟ್ಟಡ ನೋಡಿ ಬಾಯಿತುಂಬ ಹೊಗಳಿದರು. ಅದಕ್ಕೆ ಅಂಟಿಕೊಂಡೇ ಇರುವ ಲೇಡಿ ಚಾಪೆಲ್‌ಗೆ, ಅಂದರೆ ಮೇರಿಯಮ್ಮನ ಗುಡಿಗೆ, ಕಾಲಿಟ್ಟಾಗ ಮಾತ್ರ ಗಪ್‌ಚುಪ್.

ಗೋಡೆಯುದ್ದಕ್ಕೂ ಸಣ್ಣ ಸಣ್ಣ ಕಲ್ಲಿನ ಮೂರ್ತಿಗಳು. ಸೀರೆಯ ನೆರಿಗೆಯಂಥ ಬಟ್ಟೆಯ ಮಡಿಕೆಗಳೆಲ್ಲ ಹಾಗೇ ಇವೆ. ಅಲ್ಲಲ್ಲಿ ಹಳೆಯ ಕೆಂಪು, ಹಸಿರು ಬಣ್ಣ ಇನ್ನೂ ಕಲ್ಲಿಗೆ ಕಚ್ಚಿಕೊಂಡಿದೆ. ತಲೆಗಳು ಮಾತ್ರ ಇಲ್ಲ. ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲವೂ ರುಂಡವಿಲ್ಲದ ಮುಂಡಗಳೇ.

"ಯಾವ ರಾಜ ದಂಡೆತ್ತಿ ಬಂದಿದ್ದನಮ್ಮ ಇಲ್ಲಿಗೆ?" ಅಂದರು ಅತ್ತೆ.

"ಹೊರಗಿನವರು ಯಾರೂ ಅಲ್ಲ ಅತ್ತೆ. ಇವರೇ ಒಡೆದದ್ದು."

1541ರಲ್ಲಿ ವಿಗ್ರಹಗಳನ್ನೂ ಸಂತರ ಸಮಾಧಿಗಳನ್ನೂ ಇಲ್ಲವಾಗಿಸಿ ಎಂದು ಆಜ್ಞೆ ಹೊರಡಿಸಿದವನು ಈಲಿಯ ಬಿಷಪ್ಪೇ, ಥಾಮಸ್ ಗುಡ್ರಿಚ್. ಇಂಗ್ಲಿಷರು ಪೋಪನ ಕ್ಯಾಥೊಲಿಕ್ ಪಂಥ ಬಿಟ್ಟು, ಪೋಪನೂ ಬೇಡ, ವಿಗ್ರಹ, ಸಂತರ ಪೂಜೆಯೂ ಬೇಡ ಎನ್ನುವ ಪ್ರಾಟೆಸ್ಟಂಟ್ ಆದ ಕಥೆಯನ್ನು ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಎಂಟನೇ ಹೆನ್ರಿಗೆ ಡಿವೋರ್ಸ್ ಬೇಕಿತ್ತು. ಸುಳ್ಳಲ್ಲ. ರಾಣಿ ಕ್ಯಾಥರೀನ್‌ಗೆ ಗಂಡು ಮಗು ಉಳಿಯಲಿಲ್ಲ, ರಾಜನ ಕಣ್ಣು ಆನ್ ಬೊಲಿನ್ ಮೇಲೆ ಬಿತ್ತು, ಪೋಪ್ ಮದುವೆ ರದ್ದು ಮಾಡಲಿಲ್ಲ. ಹೇಗೆ ಮಾಡಿಯಾನು? ಕ್ಯಾಥರೀನಳ ಅಕ್ಕನ ಮಗ ಐದನೇ ಚಾರ್ಲ್ಸನೇ ಆಗ ಯುರೋಪಿನ ದೊಡ್ಡ ಚಕ್ರವರ್ತಿ, ಅವನ ಸೈನ್ಯ 1527ರಲ್ಲಿ ರೋಮ್ ನಗರವನ್ನೇ ಲೂಟಿ ಮಾಡಿತ್ತು. ಕೊನೆಗೆ 1534ರಲ್ಲಿ ಇಂಗ್ಲೆಂಡಿನ ಚರ್ಚಿಗೆ ರಾಜನೇ ಯಜಮಾನ ಎಂದು ಪಾರ್ಲಿಮೆಂಟು ಕಾನೂನು ಮಾಡಿತು.

ಆದರೆ ಇದು ರಾಜನ ಮನೆಯ ಜಗಳ. ಹೆನ್ರಿ ಸಾಯೋವರೆಗೂ ಪೂಜೆ ಲ್ಯಾಟಿನ್‌ನಲ್ಲೇ ನಡೆಯಿತು. 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಅವನ ಆಳುಗಳು ಮೂವರು ಕ್ಯಾಥೊಲಿಕರನ್ನು ರಾಜದ್ರೋಹಕ್ಕೆ ನೇಣು ಹಾಕಿದರು, ಅದೇ ದಿನ ಅಲ್ಲೇ ಮೂವರು ಪ್ರಾಟೆಸ್ಟಂಟರನ್ನು ಧರ್ಮದ್ರೋಹಕ್ಕೆ ಸುಟ್ಟರು! ಇನ್ನೊಂದು ತಮಾಷೆ. ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರನನ್ನು ಖಂಡಿಸಿ ಪುಸ್ತಕ ಬರೆದದ್ದಕ್ಕೆ 1521ರಲ್ಲಿ ಪೋಪನೇ ಹೆನ್ರಿಗೆ 'ಧರ್ಮರಕ್ಷಕ' ಎಂಬ ಬಿರುದು ಕೊಟ್ಟಿದ್ದ. ಪೋಪ್ ಬೇಡವಾದ, ಬಿರುದು ಉಳೀತು. ಇವತ್ತಿಗೂ ಇಲ್ಲಿನ ನಾಣ್ಯದಲ್ಲಿ ರಾಜನ ತಲೆಯ ಸುತ್ತ, ಆ ಬಿರುದಿನ ಲ್ಯಾಟಿನ್ ರೂಪದ ಮೊದಲಕ್ಷರಗಳಾದ 'ಎಫ್ ಡಿ' ಇರುತ್ತವೆ.

"ಅದು ಸರಿ, ಜನ ಸುಮ್ನಿದ್ರಾ?" ಇದು ಅತ್ತೆಯ ಮುಂದಿನ ಪ್ರಶ್ನೆ. ನನಗೂ ಅದೇ ದೊಡ್ಡ ಪ್ರಶ್ನೆ.

ಎಲ್ಲರೂ ಸುಮ್ಮನಿರಲಿಲ್ಲ. ಮಠಗಳನ್ನು ಮುಚ್ಚಿಸಲು ಹೊರಟಾಗ 1536ರಲ್ಲಿ ಉತ್ತರದ ಜನ ದಂಗೆ ಎದ್ದರು. ಮುಂದಾಳು ರಾಬರ್ಟ್ ಆಸ್ಕ್‌ನನ್ನು ಮರುವರ್ಷ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ನಾಲ್ಕೈದು ವರ್ಷಗಳಲ್ಲಿ ಸುಮಾರು 800 ಮಠಗಳು ಖಾಲಿ. ಮಠದ ಜಮೀನು ಕೊಂಡ ಸಾಹುಕಾರರಿಗೆ ಆಮೇಲೆ ಪೋಪ್ ವಾಪಸ್ ಬರುವುದು ಬೇಕಿರಲಿಲ್ಲ, ಅಲ್ವಾ? ಮನಸಾರೆ ಹೊಸದನ್ನು ನಂಬಿದವರೂ ಇದ್ದರು, ಅದನ್ನು ಮರೆಯಬಾರದು. ಟಿಂಡೇಲ್ ಎಂಬ ಪಂಡಿತ ಇಂಗ್ಲಿಷಿಗೆ ತಂದ ಬೈಬಲ್ಲಿನ ಹೊಸ ಒಡಂಬಡಿಕೆ 1526ರಿಂದಲೇ ಕಳ್ಳಸಾಗಣೆಯಲ್ಲಿ ಇಲ್ಲಿಗೆ ಬರುತ್ತಿತ್ತು. ನಮ್ಮ ಕೇಂಬ್ರಿಜ್‌ನಲ್ಲೇ ಲೂಥರನ ಪುಸ್ತಕ ಓದಿ ಗುಟ್ಟಾಗಿ ಚರ್ಚೆ ಮಾಡುವ ಮೇಷ್ಟರ ಗುಂಪಿತ್ತು.

ಸಾಮಾನ್ಯ ಜನರ ವಿಷಯ ಬಂದರೆ ನನಗೆ ನೆನಪಾಗುವುದು ಮೋರ್‌ಬಾತ್. ಡೆವನ್ ಕಡೆಯ ಪುಟ್ಟ ಹಳ್ಳಿ, ಆಗ 33 ಮನೆ. ಅಲ್ಲಿನ ಪಾದ್ರಿ ಕ್ರಿಸ್ಟೋಫರ್ ಟ್ರಿಕಿ ಚರ್ಚಿನ ಜಮಾಖರ್ಚನ್ನು ವರ್ಷವರ್ಷವೂ ಬರೆದಿಟ್ಟ. ಅದು ಉಳಿದಿದೆ. ಆ ಊರಲ್ಲಿ ಸಂತರ ಹೆಸರಿಗೆ ಬಿಟ್ಟ ಕುರಿಗಳಿದ್ದವು. ಉಣ್ಣೆ ಮಾರಿದ ದುಡ್ಡಿನಲ್ಲಿ ಸಂತರ ಮುಂದೆ ದೀಪ ಉರಿಯುತ್ತಿತ್ತು. ಪಾದ್ರಿಗೆ ಒಂದು ಆಸೆ: ಸತ್ತವರಿಗಾಗಿ ಮಾಡುವ ಪೂಜೆಗೆ ಒಳ್ಳೆಯ ಕಪ್ಪು ನಿಲುವಂಗಿ ಬೇಕು. ಕಾಸಿಗೆ ಕಾಸು ಕೂಡಿಸಿ, ಸುಮಾರು 20 ವರ್ಷ ಕಾದು, 1547ರಲ್ಲಿ ತಂದ. ಅದೇ ವರ್ಷ ಹೆನ್ರಿ ಸತ್ತು, ಅವನ 9 ವರ್ಷದ ಮಗ ಎಡ್ವರ್ಡ್ ಪಟ್ಟಕ್ಕೆ ಬಂದ. ಅವನ ಸುತ್ತ ಇದ್ದವರು ಪಕ್ಕಾ ಪ್ರಾಟೆಸ್ಟಂಟರು. ಸತ್ತವರ ಪೂಜೆಯೂ ಹೋಯಿತು, ದೀಪವೂ ಆರಿತು, ಕುರಿಗಳೂ ಮಾರಾಟವಾದವು.

1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯವಾದಾಗ ಡೆವನ್, ಕಾರ್ನ್‌ವಾಲ್ ಸಿಡಿದೆದ್ದವು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರಲ್ಲ ಎಂಬುದು ಕಾರ್ನ್‌ವಾಲ್‌ನವರ ತಕರಾರು. ಮೋರ್‌ಬಾತ್‌ನಿಂದಲೂ ಐವರು ಹುಡುಗರು ದಂಗೆಗೆ ಹೋದರು. ಸಾವಿರಾರು ಜನ ಸತ್ತರು. 1553ರಲ್ಲಿ ಎಡ್ವರ್ಡ್ ಸತ್ತು, ಕ್ಯಾಥರೀನಳ ಮಗಳು ಮೇರಿ ರಾಣಿಯಾಗಿ ಮತ್ತೆ ಹಳೆಯ ಪಂಥ ತಂದಾಗ, ಊರವರು ಮನೆಯಲ್ಲಿ ಬಚ್ಚಿಟ್ಟಿದ್ದ ಸಾಮಾನುಗಳನ್ನು ಒಂದೊಂದಾಗಿ ಚರ್ಚಿಗೆ ತಂದೊಪ್ಪಿಸಿದರು. ಆದರೆ ಮೇರಿ ಸುಮಾರು 280 ಪ್ರಾಟೆಸ್ಟಂಟರನ್ನು ಜೀವಂತ ಸುಡಿಸಿ, ಐದೇ ವರ್ಷದಲ್ಲಿ ತಾನೂ ಸತ್ತಳು. ತಂಗಿ ಎಲಿಜಬೆತ್ ಬಂದು ಮತ್ತೆ ಎಲ್ಲ ತಿರುಗುಮುರುಗು.

ಟ್ರಿಕಿ ಮಾತ್ರ ಅದೇ ಚರ್ಚಿನಲ್ಲೇ ಇದ್ದ, 1520ರಿಂದ 1574ರಲ್ಲಿ ಸಾಯುವವರೆಗೆ. ಹೇಡಿ ಅನ್ನಬೇಕೋ, ಊರು ಬಿಡದ ನಿಷ್ಠ ಅನ್ನಬೇಕೋ? ನಾನು ಎರಡನೆಯದೇ ಅಂತೀನಿ.

ಇಂಗ್ಲಿಷರು ನಿಜಕ್ಕೂ ಬದಲಾದದ್ದು ಎಲಿಜಬೆತ್‌ಳ 44 ವರ್ಷಗಳಲ್ಲಿ ಎಂದು ನನಗನ್ನಿಸುತ್ತದೆ. ಭಾನುವಾರ ಚರ್ಚಿಗೆ ಬರದಿದ್ದರೆ 12 ಪೆನ್ಸ್ ದಂಡ. 1581ರಿಂದ ಅದು ತಿಂಗಳಿಗೆ 20 ಪೌಂಡ್, ಬಡವರು ಕನಸಲ್ಲೂ ಕಾಣದ ದುಡ್ಡು. 1570ರಲ್ಲಿ ಪೋಪ್ ರಾಣಿಗೆ ಬಹಿಷ್ಕಾರ ಹಾಕಿ, ಅವಳ ಮಾತು ಕೇಳಬೇಡಿ ಎಂದ. ಅದರ ಮೇಲೆ 1588ರಲ್ಲಿ ಕ್ಯಾಥೊಲಿಕ್ ಸ್ಪೇನ್‌ನ ನೌಕಾಪಡೆ ದಂಡೆತ್ತಿ ಬಂತು. ಕ್ಯಾಥೊಲಿಕ್ ಅಂದರೆ ದೇಶದ್ರೋಹಿ ಎನ್ನುವ ಹಾಗಾಯಿತು. ಅಷ್ಟು ಹೊತ್ತಿಗೆ ಹಳೆಯ ಪೂಜೆ ಕಂಡಿದ್ದ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಮೊಮ್ಮಕ್ಕಳಿಗೆ ಇಂಗ್ಲಿಷ್ ಪ್ರಾರ್ಥನೆಯೇ ಬಾಯಿಪಾಠ, ಅದೇ 'ನಮ್ಮ ಹಳೇ ಪದ್ಧತಿ'.

ಇದನ್ನೆಲ್ಲ ಕೇಳಿದ ಅತ್ತೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ನೆನೆಸಿಕೊಂಡರು. ಸೆಪ್ಟೆಂಬರಿನ ಜಾತ್ರೆ, ತೇರು, ಸೀರೆಯುಟ್ಟ ಮೇರಿಯಮ್ಮ. "ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್‌ನಲ್ಲಿ ಅದೇನೂ ಇಲ್ವಲ್ಲ, ಯಾಕೆ ಅಂತ ಈಗ ತಿಳೀತು" ಅಂದರು. ಸೇಂಟ್ ಮಾರ್ಕ್ಸ್ ಕಟ್ಟಿದ್ದು ಇದೇ ಇಂಗ್ಲೆಂಡಿನ ಚರ್ಚಿನವರು.

ಸಂಜೆಯ ಪ್ರಾರ್ಥನೆಗೆ ಕೂತೆವು. ಓದಿದ ಮಾತುಗಳಲ್ಲಿ ಬಹುಪಾಲು ಕ್ರ್ಯಾನ್ಮರ್ ಬರೆದಿಟ್ಟಿದ್ದು, ಮೇರಿ ಆಕ್ಸ್‌ಫರ್ಡ್‌ನಲ್ಲಿ ಸುಡಿಸಿದ ಆರ್ಚ್‌ಬಿಷಪ್. ನಡುವೆ ಎಲ್ಲರೂ ಎದ್ದು ನಿಂತು 'ಪವಿತ್ರ ಕ್ಯಾಥೊಲಿಕ್ ಚರ್ಚನ್ನು ನಂಬುತ್ತೇನೆ' ಎಂದರು. ಅತ್ತೆ ನನ್ನ ಮೊಣಕೈ ತಿವಿದರು. ಕ್ಯಾಥೊಲಿಕ್ ಅಂದರೆ 'ಸರ್ವರದ್ದು' ಎಂಬ ಅರ್ಥವೂ ಇದೆ, ನಾವು ಆ ಪದ ಬಿಟ್ಟಿಲ್ಲ ಎಂದು ಪಕ್ಕದ ಅಜ್ಜಿ ಆಮೇಲೆ ಬಿಡಿಸಿ ಹೇಳಿದರು.

"ತಲೆ ಒಡೆದರು, ಹೆಸರು ಇಟ್ಟುಕೊಂಡರು" ಎಂದು ಗೊಣಗುತ್ತ ಅತ್ತೆ ಸ್ಟೇಷನ್ ಕಡೆ ಹೆಜ್ಜೆ ಹಾಕಿದರು.